ಅಜ್ಜ ನಿಲ್ಲಲು ತೆಗೆದುಕೊಂಡ ಸೆಕೆಂಡುಗಳು

ನಮ್ಮ ದೊಡ್ಡ ಭಾವ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟ ಕೂಡಲೇ ಮಾಡುವ ಮೊದಲ ಕೆಲಸ ಫ್ಯಾನಿನ ಸ್ವಿಚ್ಚು ಆರಿಸುವುದು. ಕರೆಂಟು ಉಳಿಸುವ ಬುದ್ಧಿ ಹೇಳಲು ಬಂದಿದ್ದಾರೆ ಎಂದುಕೊಂಡು ಮನೆಯವರು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಅದಲ್ಲ. ಸ್ವಿಚ್ಚು ಆರಿಸಿದವರೇ ಎಡಗೈಯ ಗಡಿಯಾರವನ್ನು ಮೂಗಿನ ಮಟ್ಟಕ್ಕೆ ತಂದುಕೊಂಡು, ಒಂದು ಕಣ್ಣು ಮುಳ್ಳಿನ ಮೇಲೆ, ಇನ್ನೊಂದು ಕಣ್ಣು ಫ್ಯಾನಿನ ಮೇಲೆ ಇಟ್ಟು, ರೆಕ್ಕೆ ಪೂರ್ತಿ ನಿಲ್ಲುವ ತನಕ ಅಲ್ಲಾಡದೆ ನಿಂತಿರುತ್ತಾರೆ. ಅಷ್ಟು ಹೊತ್ತು ಮನೆಯವರೂ ಬೆವರುತ್ತಾ, ಏನೋ ಅನಾಹುತ ಆಗಿರಬೇಕೆಂದು ಮೇಲೆ ನೋಡುತ್ತಾ ನಿಂತಿರುತ್ತಾರೆ.

"ಮೂವತ್ತೆಂಟು," ಎಂದು ಕೊನೆಗೆ ಭಾವ ತೀರ್ಪು ಕೊಡುತ್ತಾರೆ. "ಬೇರಿಂಗು ಹೋಗ್ತಾ ಬಂದಿದೆ. ತೋರಿಸ್ಕೊಳ್ಳಿ."

ಒಮ್ಮೆ ಒಬ್ಬ ಹಿರಿಯರು ಮೆಲ್ಲಗೆ ಎದೆ ಮುಟ್ಟಿ ನೋಡಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಭಾವ ಮೋಟಾರು ಕಾರ್ಖಾನೆಯೊಂದರ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾರೆ. ನೀರೆತ್ತುವ, ಹಿಟ್ಟು ಬೀಸುವ, ಮರ ಕೊಯ್ಯುವ ಯಂತ್ರಗಳಿಗೆ ಬೇಕಾದ ಮೋಟಾರುಗಳು ಅಲ್ಲಿ ತಯಾರಾಗುತ್ತವೆ. ಹೊರಗೆ ಹೋಗುವ ಮೊದಲು ಅವು ಪರೀಕ್ಷೆಯ ಮೇಜನ್ನು ಹತ್ತಿ ಇಳಿಯಬೇಕು. ಅಲ್ಲಿ ಕೇಳುವ ಪ್ರಶ್ನೆ ಎರಡೇ. ಒಂದು, ಈ ಮೋಟಾರಿಗೆ ತಿರುಗಿಸುವ ಕಸುವು ಎಷ್ಟಿದೆ? ಅದಕ್ಕೆ ಟಾರ್ಕ್ ಅನ್ನುತ್ತಾರೆ. ಇನ್ನೊಂದು, ಆ ಕಸುವಿನಲ್ಲಿ ಎಷ್ಟನ್ನು ಅದು ತನ್ನೊಳಗಿನ ಉಜ್ಜಾಟಕ್ಕೇ ಸುಟ್ಟುಕೊಳ್ಳುತ್ತದೆ? ಅದು ಘರ್ಷಣೆ. "ಮನುಷ್ಯರಿಗೂ ಈ ಎರಡು ಪರೀಕ್ಷೆ ಸಾಕು," ಎಂದು ಭಾವ ಹೇಳುವುದುಂಟು. ಹೇಳುವಾಗ ತಾವು ಎರಡರಲ್ಲೂ ಪಾಸಾದವರಂತೆ ಮುಖ ಇಟ್ಟುಕೊಂಡಿರುತ್ತಾರೆ.

ಟಾರ್ಕ್ ಅಳೆಯುವ ವಿಧಾನ ನನಗೂ ಬಾಯಿಪಾಠ. ನೆಂಟರ ಮನೆಯ ಊಟದ ಸಾಲಿನಲ್ಲಿ ನಾನು ಯಾವಾಗಲೂ ಅವರ ಪಕ್ಕಕ್ಕೇ ಸಿಕ್ಕಿಬೀಳುತ್ತೇನೆ. ಮೋಟಾರಿನ ಗಾಲಿಯ ಮೇಲೆ ಒಂದು ಬೆಲ್ಟು ಹೊದಿಸಿ, ಅದರ ಎರಡು ತುದಿಯನ್ನು ಎರಡು ಸ್ಪ್ರಿಂಗ್ ತಕ್ಕಡಿಗೆ ಕಟ್ಟುತ್ತಾರೆ. ಗಾಲಿ ತಿರುಗುತ್ತಾ ಬೆಲ್ಟನ್ನು ಒಂದು ಕಡೆಗೆ ಎಳೆಯುತ್ತದೆ. ಒಂದು ತಕ್ಕಡಿ ಹೆಚ್ಚು ತೋರಿಸುತ್ತದೆ, ಇನ್ನೊಂದು ಕಡಿಮೆ. ಆ ವ್ಯತ್ಯಾಸವನ್ನು ಗಾಲಿಯ ನಡುವಿನಿಂದ ಅಂಚಿನವರೆಗಿನ ಅಳತೆಯಿಂದ ಗುಣಿಸಿದರೆ ಟಾರ್ಕ್. "ಬೆಲ್ಟಿನ ದಪ್ಪದಲ್ಲಿ ಅರ್ಧ ಸೇರಿಸ್ಬೇಕು ಕಣೋ. ಅದನ್ನೇ ಎಲ್ಲರೂ ಮರೀತಾರೆ," ಎನ್ನುವಾಗ ಭಾವನ ದನಿ ಇಳಿಯುತ್ತದೆ. ಇಡೀ ಲೋಕ ಮರೆತದ್ದನ್ನು ನೆನಪಿಟ್ಟುಕೊಂಡವನ ದನಿ ಅದು.

ಘರ್ಷಣೆಯ ಪರೀಕ್ಷೆ ಇನ್ನೂ ಸುಲಭ. ಮೋಟಾರನ್ನು ಪೂರ್ತಿ ವೇಗಕ್ಕೆ ತಂದು, ಸ್ವಿಚ್ಚು ಆರಿಸಿ, ನಿಲ್ಲುವ ತನಕ ಎಣಿಸುವುದು. ಹೆಚ್ಚು ಹೊತ್ತು ತಿರುಗಿದರೆ ಒಳಗೆ ಉಜ್ಜಾಟ ಕಡಿಮೆ; ಬೇಗ ನಿಂತರೆ ಉಜ್ಜಾಟ ಜಾಸ್ತಿ. ಫ್ಯಾನುಗಳ ಮೇಲೆ ನಡೆಯುತ್ತಿದ್ದದ್ದು ಇದೇ. ಕಾರ್ಖಾನೆಯಲ್ಲಿ ಭಾವನಿಗೆ "ಗಡಿಯಾರ" ಎಂಬ ಹೆಸರು ಬಂದದ್ದೂ ಇದರಿಂದಲೇ. ಎಂಟು ಗಂಟೆಯ ಕೆಲಸಕ್ಕೆ ಏಳು ಐವತ್ತಕ್ಕೆ ಹೋಗಿ ಬಾಗಿಲಲ್ಲಿ ನಿಲ್ಲುವುದು ಎರಡನೆಯ ಕಾರಣ.

ಇಷ್ಟರಲ್ಲೇ ಮುಗಿದಿದ್ದರೆ ನಮ್ಮ ದೊಡ್ಡ ಭಾವ ಸುಖಪುರುಷ. ಆದರೆ ನನಗೆ ಅಕ್ಕಂದಿರು ಇಬ್ಬರು. ಹಾಗಾಗಿ ಭಾವಂದಿರೂ ಇಬ್ಬರು. ಚಿಕ್ಕಕ್ಕನ ಗಂಡ, ಅಂದರೆ ದೊಡ್ಡ ಭಾವನ ಷಡ್ಡಕ, ಒಂಬತ್ತು ವರ್ಷದ ಹಿಂದೆ ಕೆಲಸವಿಲ್ಲದೆ ಕೂತಿದ್ದಾಗ, ಪರೀಕ್ಷಾ ಕೋಣೆಯಲ್ಲಿ ಎರಡನೆಯ ಮೇಜು ಹಾಕುತ್ತಾರೆಂಬ ಸುದ್ದಿ ತಂದು, ಕಾರ್ಖಾನೆಯ ಸಾಹೇಬರ ಮುಂದೆ ಕೈಕಟ್ಟಿ ನಿಂತು, "ನಮ್ಮ ಹುಡುಗ ಸಾರ್, ನಾನು ತಿದ್ದುತೀನಿ," ಎಂದು ಹೇಳಿ ಅವರನ್ನು ಸೇರಿಸಿದವರು ದೊಡ್ಡ ಭಾವನೇ. ತಾನೇ ಕರೆತಂದವನ ಮೇಲೆ ಬರುವ ಹೊಟ್ಟೆಕಿಚ್ಚಿಗೆ ಔಷಧ ಇಲ್ಲ. ಯಾರ ಹತ್ತಿರ ದೂರಿದರೂ "ನೀವೇ ತಾನೆ ಸೇರಿಸಿದ್ದು?" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಕಿಚ್ಚಿನ ಮೂಲ "ಅಜ್ಜ".

ಅಜ್ಜ ಎಂದರೆ ಆ ಕಾರ್ಖಾನೆಯ ಹಳೆಯ ಬೂದು ಬಣ್ಣದ ಮೋಟಾರು. ಮರದ ಪೆಟ್ಟಿಗೆಯಲ್ಲಿ ಕಂಬಳಿ ಹೊದ್ದು ಮಲಗಿರುತ್ತದೆ. ಯಾವ ಕೆಲಸಕ್ಕೂ ಹಾಕುವುದಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಎಬ್ಬಿಸಿ ಮೇಜಿನ ಮೇಲೆ ಕೂರಿಸಿ ಅಳೆಯುತ್ತಾರೆ. ಅಜ್ಜನ ಗುಣ ಎಲ್ಲರಿಗೂ ಗೊತ್ತಿರುವುದರಿಂದ, ಅಳತೆ ತಪ್ಪಿ ಬಂದರೆ ತಪ್ಪು ಮೇಜಿನದು ಎಂದು ಲೆಕ್ಕ. ಅಜ್ಜನ ಬೆನ್ನಿನ ಹಿತ್ತಾಳೆ ತಗಡಿನಲ್ಲಿ, ಹುಟ್ಟಿದ ಕಾಲಕ್ಕೆ ಯಾರೋ ಅಳೆದು ಕೆತ್ತಿದ್ದಾರೆ: ನಿಲ್ಲಲು ಐವತ್ತಾರು ಸೆಕೆಂಡು.

ದೊಡ್ಡ ಭಾವನ ಮೇಜಿನ ಮೇಲೆ ಅಜ್ಜ ನಲವತ್ತೊಂದಕ್ಕೆ ನಿಲ್ಲುತ್ತಿತ್ತು. ಹದಿನೇಳು ವರ್ಷ ಹಾಗೇ ನಿಂತಿತು. "ಅಜ್ಜನಿಗೆ ವಯಸ್ಸಾಯ್ತು," ಎಂದು ಭಾವ ಬರೆದರು, ಎಲ್ಲರೂ ಒಪ್ಪಿದರು. ಒಬ್ಬನೇ ಅಳೆಯುವವನಿದ್ದಾಗ ಅಳತೆಗೆ ಎದುರು ಮಾತಿರುವುದಿಲ್ಲ. ಚಿಕ್ಕ ಭಾವ ಸೇರಿದ ಮೊದಲ ಸೋಮವಾರ ಅಜ್ಜನನ್ನು ತಳ್ಳುಗಾಡಿಯಲ್ಲಿಟ್ಟು ಹೊಸ ಮೇಜಿಗೆ ಸಾಗಿಸಿದರು. ಚಿಕ್ಕ ಭಾವ ಸ್ವಿಚ್ಚು ಹಾಕಿದರು, ಆರಿಸಿದರು, ಟೀ ಹೀರುತ್ತಾ ಎಣಿಸಿದರು. ಐವತ್ತಾರು.

"ಅಜ್ಜನಿಗೆ ವಯಸ್ಸಾಗಿಲ್ಲ ಕಣ್ರೋ, ಗಡಿಯಾರಕ್ಕೆ ವಯಸ್ಸಾಗಿದೆ!" ಎಂದು ಮೋಟಾರಿಗೆ ತಂತಿಯ ಸುರುಳಿ ಸುತ್ತುವವನೊಬ್ಬ ಕೂಗಿದ. ಕೋಣೆ ನಕ್ಕಿತು. ಅಂದಿನಿಂದ ಚಿಕ್ಕ ಭಾವನಿಗೆ "ಬೆಣ್ಣೆ" ಎಂಬ ಹೆಸರು ಬಿತ್ತು. ಬೆಣ್ಣೆ ಮುಟ್ಟಿದ ಮೋಟಾರು ನಯವಾಗಿ ತಿರುಗುತ್ತದಂತೆ. ಒಂಬತ್ತು ವರ್ಷ, ಪ್ರತಿ ಸೋಮವಾರ, ಒಂದು ಪುಸ್ತಕದಲ್ಲಿ ನಲವತ್ತೊಂದು, ಇನ್ನೊಂದರಲ್ಲಿ ಐವತ್ತಾರು. ಟಾರ್ಕಿನಲ್ಲಿ ಇಬ್ಬರದೂ ಸರಿಸಮ. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ದೊಡ್ಡ ಭಾವನಿಗೆ ಷಡ್ಡಕನಲ್ಲಿ ಕಂಡದ್ದೆಲ್ಲ ಆ ಹದಿನೈದು ಸೆಕೆಂಡಾಗಿ ಕಾಣತೊಡಗಿತು. ಚಿಕ್ಕ ಭಾವ ಕೆಲಸಕ್ಕೆ ತಡವಾಗಿ ಬರುತ್ತಾರೆ, ಯಾರೂ ಬೈಯುವುದಿಲ್ಲ. ಚಿಕ್ಕ ಭಾವನಿಗೆ ನಲವತ್ತೈದಾದರೂ ತಲೆಗೂದಲು ಹಾಗೇ ಇದೆ. ಸೈಕಲ್ಲು ಇಳಿಜಾರಿನಲ್ಲಿ ತುಳಿಯದೆ ಬಿಟ್ಟರೆ ಚಿಕ್ಕ ಭಾವನದು ಹಾಲಿನ ಅಂಗಡಿ ತನಕ ಹೋಗುತ್ತದೆ, ಇವರದು ಎರಡು ಕಂಬ ಹಿಂದೆಯೇ ನಿಲ್ಲುತ್ತದೆ. ಒಂದು ಭಾನುವಾರ ಎಲ್ಲರೂ ಚಿಕ್ಕಕ್ಕನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ದೊಡ್ಡ ಭಾವ ಅಭ್ಯಾಸದಂತೆ ಫ್ಯಾನು ಆರಿಸಿದರು. ಎಪ್ಪತ್ತೊಂದು ಸೆಕೆಂಡು! ಅವರ ಮನೆಯ ಫ್ಯಾನು ಐವತ್ತಕ್ಕೇ ಕೈಚೆಲ್ಲುತ್ತಿತ್ತು. ಮನೆಗೆ ಹೋದವರೇ ಸ್ಟೂಲು ಹಾಕಿ ಫ್ಯಾನು ಇಳಿಸಿ, ನಡುಮನೆಯ ತುಂಬ ಹಳೆ ಪೇಪರು ಹರಡಿ, ಬಿಚ್ಚಿ ಕೂತರು.

"ರೀ, ಫ್ಯಾನು ಹಾಕ್ಸಿರೋದು ತಿರುಗೋಕೆ. ನಿಲ್ಲೋಕಲ್ಲ," ಎಂದರು ದೊಡ್ಡಕ್ಕ.

"ನಿಲ್ಲೋ ರೀತೀಲೇ ಗೊತ್ತಾಗೋದು ಕಣೇ, ತಿರುಗೋದು ಎಂಥದ್ದು ಅಂತ."

"ನಂಗೆ ಗೊತ್ತಾಗಿದ್ದು ಇಷ್ಟೇ. ನನ್ನ ತಂಗಿ ಮನೇಲಿ ಗಾಳಿ ಬರ್ತಿದೆ, ನಮ್ಮನೇಲಿ ಬರ್ತಿಲ್ಲ."

ಅಕ್ಕನಿಗೆ ಗೊತ್ತಿಲ್ಲದೆ ಬಂದ ಈ ಮಾತು ಭಾವನ ಎದೆಯಲ್ಲಿ ಬಹಳ ದಿನ ಕೂತಿತ್ತು.

ಹೀಗಿರುವಾಗ ಪರೀಕ್ಷಾ ಕೋಣೆಯ ಮುಖ್ಯಸ್ಥರು, ದಪ್ಪ ಕನ್ನಡಕದ ಯಜಮಾನರು, ಇನ್ನೊಂದು ತಿಂಗಳಿಗೆ ನಿವೃತ್ತರಾಗುತ್ತಾರೆಂದು ಸುದ್ದಿ ಬಂತು. ಅವರ ಕುರ್ಚಿ ಕಿಟಕಿಯ ಪಕ್ಕದಲ್ಲಿದೆ. ಕೋಣೆಯಲ್ಲಿ ಕೈಯಿರುವ ಕುರ್ಚಿ ಅದೊಂದೇ, ಮಿಕ್ಕವೆಲ್ಲ ಸ್ಟೂಲು. ಇಪ್ಪತ್ತಾರು ವರ್ಷ ಸ್ಟೂಲಿನ ಮೇಲೆ ಕೂತ ಮನುಷ್ಯ ಆ ಕುರ್ಚಿಯನ್ನು ಹೇಗೆ ನೋಡುತ್ತಾನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಭಾವ ಅದರ ಉದ್ದಗಲ ಅಳೆದುಕೊಂಡು ಬಂದು, ದೊಡ್ಡಕ್ಕನ ಕೈಯಲ್ಲಿ ಹಸಿರು ಬಟ್ಟೆಯ ದಿಂಬು ಹೊಲಿಸಿ, ಬೀರುವಿನಲ್ಲಿಟ್ಟರು. ಅಷ್ಟರಲ್ಲಿ ಸಾಹೇಬರು ಹೇಳಿದರು: "ಮುಖ್ಯಸ್ಥ ಆಗೋನ ಕೈ ನಂಬೋ ಹಾಗಿರ್ಬೇಕು. ಇಬ್ಬರೂ ನನ್ನೆದುರಿಗೆ ಅಜ್ಜನ್ನ ಅಳೀರಿ. ತಗಡಿನ ಅಂಕಿಗೆ ಯಾರದು ಹತ್ತಿರವೋ ಅವರಿಗೆ ಕುರ್ಚಿ."

ಅಂದು ಸಂಜೆಯೇ ಭಾವ ನನ್ನ ಮನೆಗೆ ಬಂದರು. ಫ್ಯಾನು ಆರಿಸಲಿಲ್ಲ. ಪರಿಸ್ಥಿತಿ ಗಂಭೀರವೆಂದು ನನಗೆ ಗೊತ್ತಾಯಿತು.

"ಅವನು ಮೋಸ ಮಾಡ್ತಾನೆ ಕಣೋ," ಎಂದರು. "ಮೊದ್ಲು ತಗಡು ನೋಡ್ತಾನೆ, ಆಮೇಲೆ ಗಡಿಯಾರ ನೋಡ್ತಾನೆ. ಐವತ್ತಾರು ಅಂತ ಬರೆದಿದ್ರೆ ಐವತ್ತಾರಕ್ಕೇ ಗುಂಡಿ ಒತ್ತುತಾನೆ. ನಂದು ನಲವತ್ತೊಂದು, ನಿಜವಾದ ನಲವತ್ತೊಂದು."

"ಭಾವ, ಗಡಿಯಾರದಲ್ಲೇ ಏನಾದ್ರೂ..."

"ಅದಲು ಬದಲು ಮಾಡ್ಕೊಂಡೆ. ಆರು ತಿಂಗಳಾಯ್ತು. ಅವನ ಗಡಿಯಾರದಲ್ಲೂ ನಂಗೆ ನಲವತ್ತೊಂದೇ."

"ಮೇಜು?"

"ಬೋಲ್ಟು ಒಂದೊಂದೇ ಬಿಗಿದಿದೀನಿ. ಅವನ ಎಣ್ಣೆ ಡಬ್ಬಿ ಕೂಡ ಮೂಸಿ ನೋಡಿದೀನಿ." ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ನೀನು ಈ ಸೋಮವಾರ ಬಾ, ಸಾಹೇಬ್ರ ಪರೀಕ್ಷೆ ಅದರ ಮುಂದಿನ ವಾರ. ನೆಂಟ ಅಂತ ಒಳಗೆ ಬಿಡ್ತಾರೆ. ಅವನ ಪಕ್ಕ ನಿಂತ್ಕೊಂಡು ನಿನ್ನ ಗಡಿಯಾರದಲ್ಲಿ ಎಣಿಸು. ನೀನು ಇಬ್ಬರಿಗೂ ಭಾವಮೈದ, ನಿನ್ನ ಮಾತಿಗೆ ಬೆಲೆ ಇದೆ."

ನನ್ನ ಮಾತಿಗೆ ಬೆಲೆಯಿದೆ ಎಂದು ಯಾರಾದರೂ ಹೇಳಿದರೆ ನಾನು ಎಲ್ಲಿಗೆ ಬೇಕಾದರೂ ಹೋಗುತ್ತೇನೆ. ಮೋಟಾರಿನ ವಿಷಯದಲ್ಲಿ ನನ್ನ ಜ್ಞಾನ ಸ್ವಿಚ್ಚಿನ ತನಕ ಬಂದು ನಿಂತಿದೆ ಎಂಬುದು ಬೇರೆ ಮಾತು. ಸೋಮವಾರ ಎಂಟಕ್ಕೆ ಹೋದೆ. ಭಾವ ಪೆಟ್ಟಿಗೆ ತೆರೆದು, ಕಂಬಳಿ ಸರಿಸಿ, ಮಗುವನ್ನೆತ್ತುವಂತೆ ಅಜ್ಜನನ್ನು ಎತ್ತಿಸಿ ಮೇಜಿಗೆ ಬಿಗಿದರು. ನಾನೂ ಅಭಿಮಾನದಿಂದ ಅದರ ಬೆನ್ನು ತಟ್ಟಿದೆ. ಬೆಳಗಿನ ನಲ್ಲಿಯಂತೆ ತಣ್ಣಗಿತ್ತು. ಗೋಡೆಯ ಮೇಲೆ ಹಳೆಯ ನಿಯಮ ತೂಗುತ್ತಿತ್ತು: ಎರಡು ನಿಮಿಷ ಓಡಿಸಿ, ಮೊದಲು ಘರ್ಷಣೆ, ಆಮೇಲೆ ಟಾರ್ಕ್. ಎರಡು ನಿಮಿಷ ಓಡಿಸಿ ಭಾವ ಸ್ವಿಚ್ಚು ಆರಿಸಿದರು. ನಾನು ಎಣಿಸಿದೆ. ನಲವತ್ತೊಂದು. ಆಮೇಲೆ ಬೆಲ್ಟು ಹೊದಿಸಿ, ಸ್ಪ್ರಿಂಗುಗಳನ್ನು ಬಿಗಿದು ಸಡಿಲಿಸಿ, ಮುಕ್ಕಾಲು ಗಂಟೆ ಅಜ್ಜನ ಕೈಲಿ ಭಾರ ಎಳೆಸಿ ಟಾರ್ಕ್ ಬರೆದರು. ಅರ್ಧ ಬೆಲ್ಟನ್ನೂ ಸೇರಿಸಿದರು.

ಒಂಬತ್ತರ ಹೊತ್ತಿಗೆ ಚಿಕ್ಕ ಭಾವ ಬಂದರು. ದಾರಿಯಲ್ಲಿ ನಾಲ್ಕು ಜನರನ್ನು ನಗಿಸಿದ್ದು ಮುಖದಲ್ಲೇ ಕಾಣುತ್ತಿತ್ತು. "ಏನೋ ಭಾವಮೈದ, ಕೆಲಸಕ್ಕೆ ಸೇರ್ಕೊಂಡ್ಯಾ? ಅಣ್ಣ, ಇವನನ್ನೂ ನೀವೇ ಸೇರಿಸಿದ್ರಾ?" ಎಂದರು. ದೊಡ್ಡ ಭಾವ ಕೇಳಿಸದವರಂತೆ ಬೋಲ್ಟು ಬಿಚ್ಚತೊಡಗಿದರು. ಅಜ್ಜನನ್ನು ತಳ್ಳುಗಾಡಿಯಲ್ಲಿ ಆಚೆ ಮೇಜಿಗೆ ಸಾಗಿಸಿದರು. ನಾನು ಮತ್ತೆ ಬೆನ್ನು ತಟ್ಟಿದೆ.

"ಬೆಚ್ಚಗಿದೆಯಲ್ಲ ಭಾವ!"

"ಓಡಿದ ಮೋಟಾರು ಬೆಚ್ಚಗಿರದೆ ಐಸ್ಕ್ರೀಮ್ ಆಗಿರುತ್ತಾ? ಸುಮ್ನೆ ಎಣಿಸು," ಎಂದು ದೊಡ್ಡ ಭಾವ ಗದರಿದರು.

ಚಿಕ್ಕ ಭಾವ ಎರಡು ನಿಮಿಷ ಓಡಿಸಿದರು, ಆರಿಸಿದರು. ತಗಡಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಟೀ ಲೋಟದಲ್ಲಿ ಬಿದ್ದಿದ್ದ ಇರುವೆಯನ್ನು ಬೆರಳಿನಿಂದ ತೆಗೆಯುತ್ತಿದ್ದರು. ನನ್ನ ಗಡಿಯಾರದಲ್ಲಿ ಐವತ್ತಾರು. ನಾನು ದೊಡ್ಡ ಭಾವನ ಕಡೆ ನೋಡಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲಿ, ನಾನೂ ಮಾರಿಕೊಂಡುಬಿಟ್ಟೆ ಎಂಬ ತೀರ್ಮಾನವಿತ್ತು.

ಆ ವಾರವೆಲ್ಲ ಅವರು ಊಟದಲ್ಲಿ ಕೈಯಾಡಿಸಿ ಎದ್ದರಂತೆ. ಶನಿವಾರ ದೊಡ್ಡಕ್ಕ ಫೋನು ಮಾಡಿ, "ನಿನ್ನ ಗಡಿಯಾರ ತಪ್ಪು ಅಂತಾದ್ರೂ ಒಂದು ಮಾತು ಹೇಳ್ಬಾರ್ದೇನೋ? ಇವರು ಅನ್ನಕ್ಕೆ ಸಾರು ಹಾಕ್ಕೊಳೋದೂ ಮರೀತಿದಾರೆ," ಎಂದರು. ನಾನು ಹೇಳಿ ನೋಡಿದೆ. "ನಿನ್ನ ಸಮಾಧಾನ ನಂಗೆ ಬೇಡ," ಎಂದು ಭಾವ ಫೋನಿಟ್ಟರು. ಮತ್ತೆ ಐದು ನಿಮಿಷಕ್ಕೆ ಅವರೇ ಮಾಡಿದರು. ದನಿಯಲ್ಲಿ ಹೊಸ ಹುರುಪು. "ಗೊತ್ತಾಯ್ತು ಕಣೋ! ನಾನು ಮೊದ್ಲು ಮಾಡ್ತೀನಿ, ಅವನು ಆಮೇಲೆ ಮಾಡ್ತಾನೆ. ನಾನು ಹೇಗೆ ಕೂರಿಸ್ದೆ, ಎಷ್ಟು ಬಿಗಿದೆ, ಎಲ್ಲಾ ನೋಡ್ಕೊಂಡು ಹೋಗ್ತಾನೆ. ಈ ಸಲ ಅವನೇ ಮೊದ್ಲು ಮಾಡ್ಲಿ. ಬಣ್ಣ ಬಯಲಾಗುತ್ತೆ."

ಒಂಬತ್ತಕ್ಕೆ ಬರುವವನು ಎಂಟಕ್ಕೆ ನಡೆದದ್ದನ್ನು ಏನು ನೋಡಿಕೊಂಡಾನು ಎಂದು ನಾನು ಕೇಳಲಿಲ್ಲ. ಹೊಟ್ಟೆಕಿಚ್ಚು ಒಂದು ಸಿದ್ಧಾಂತ ಕಟ್ಟಿದಾಗ ಅದರ ಪಾಯ ಅಗೆದು ನೋಡಬಾರದು.

ಪರೀಕ್ಷೆಯ ಸೋಮವಾರವೂ ನಾನು ಹೋದೆ. ಚಿಕ್ಕಕ್ಕ ಒದ್ದು ಎಬ್ಬಿಸಿದ್ದರಿಂದ ಚಿಕ್ಕ ಭಾವ ಎಂಟಕ್ಕೇ ಹಾಜರು. ಸಾಹೇಬರು ಕೈಯಿರುವ ಕುರ್ಚಿಯಲ್ಲೇ ಕೂತಿದ್ದರು. ಕನ್ನಡಕದ ಯಜಮಾನರು ಪಕ್ಕದಲ್ಲಿ ಸ್ಟೂಲಿನ ಮೇಲೆ. "ಸಾರ್, ಯಾವಾಗ್ಲೂ ನಾನೇ ಮೊದ್ಲು ಮಾಡ್ತೀನಿ. ಇವತ್ತು ಚಿಕ್ಕವನಿಗೆ ಆ ಗೌರವ ಬಿಟ್ಟುಕೊಡ್ತೀನಿ," ಎಂದರು ದೊಡ್ಡ ಭಾವ. ಅಷ್ಟು ವಿನಯವನ್ನು ಆ ಬಾಯಲ್ಲಿ ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಚಿಕ್ಕ ಭಾವ ಅಜ್ಜನನ್ನು ಪೆಟ್ಟಿಗೆಯಿಂದ ತೆಗೆಸಿ, ಎರಡು ನಿಮಿಷ ಓಡಿಸಿ, ಸ್ವಿಚ್ಚು ಆರಿಸಿದರು. ಕೋಣೆಯೆಲ್ಲ ಎಣಿಸುತ್ತಿತ್ತು. ಮೂವತ್ತು ದಾಟಿದಾಗಲೇ ಅಜ್ಜ ಸುಸ್ತಾದ. ಮೂವತ್ತೆಂಟು, ಮೂವತ್ತೊಂಬತ್ತು, ಕೊನೆಗೊಂದು ಅರ್ಧ ಸುತ್ತು. ನಲವತ್ತೊಂದು.

ದೊಡ್ಡ ಭಾವ ನನ್ನ ಮೊಣಕೈ ಹಿಡಿದುಕೊಂಡರು. ಆ ಹಿಡಿತದ ಗುರುತು ಎರಡು ದಿನ ಇತ್ತು.

ಚಿಕ್ಕ ಭಾವ ತಲೆ ಕೆರೆದುಕೊಂಡು, ಅಂಕಿ ಬರೆದು, ಬೆಲ್ಟು ಹಾಕಿ ಟಾರ್ಕ್ ಮುಗಿಸಿದರು. ಗಾಡಿ ಈಚೆ ಬಂತು. ದೊಡ್ಡ ಭಾವನ ಸರದಿ. ಎರಡು ನಿಮಿಷ, ಸ್ವಿಚ್ಚು. ಅಜ್ಜ ತಿರುಗಿತು, ತಿರುಗಿತು, ನಲವತ್ತೊಂದನ್ನು ದಾಟಿ ಏನೂ ಆಗದವನಂತೆ ತಿರುಗಿತು. ಐವತ್ತಾರು!

ಜನ ಚಪ್ಪಾಳೆ ತಟ್ಟಿದರು. "ಗಡಿಯಾರಕ್ಕೆ ಕೀಲಿ ಕೊಟ್ಟರು ಕಣ್ರೋ!" ಎಂದು ಸುರುಳಿ ಸುತ್ತುವವನೇ ಕೂಗಿದ. ಸಾಹೇಬರು ಎದ್ದು ಕೈಕುಲುಕಿ, "ಒಂದನೇ ತಾರೀಖಿನಿಂದ ಈ ಕುರ್ಚಿ ನಿಮ್ಮದು," ಎಂದರು. ದೊಡ್ಡ ಭಾವನ ಮುಖದಲ್ಲಿ ಇಪ್ಪತ್ತಾರು ವರ್ಷ ಕಳಚಿ ಬಿತ್ತು. ಬೀರುವಿನಲ್ಲಿದ್ದ ಹಸಿರು ದಿಂಬು ಅವರ ಕಣ್ಣಲ್ಲೇ ಕಾಣುತ್ತಿತ್ತು. ಅಲ್ಲಿಗೆ ಸಾಹೇಬರು ಬಾಯಿ ಮುಚ್ಚಿಕೊಂಡು ಟೀಗೆ ಹೋಗಿದ್ದರೆ ಈ ಕತೆ ಸುಖಾಂತ.

ಅವರು ಚಿಕ್ಕ ಭಾವನ ಬೆನ್ನು ಸವರಿ ಅಂದರು: "ಬೆಣ್ಣೆ, ಬೇಜಾರ್ ಮಾಡ್ಕೋಬೇಡ. ಒಂದು ದಿನ ಕೈ ತಪ್ಪಿದ್ರೆ ಒಂಬತ್ತು ವರ್ಷ ಸುಳ್ಳಾಗಲ್ಲ. ಒಂದು ಸೋಮವಾರವೂ ಅಂಕಿ ಅಲ್ಲಾಡಿಲ್ಲ. ನಿನ್ನ ಪುಸ್ತಕವನ್ನ ಹೊಸ ಶಾಖೆಗೆ ಮಾದರಿ ಅಂತ ಕಳಿಸ್ತೀನಿ. ಅಳೆಯೋದು ಅಂದ್ರೆ ಹೀಗೆ ಅಂತ ಅಲ್ಲಿಯವರೂ ಕಲೀಲಿ."

ಚಿಕ್ಕ ಭಾವ ನಕ್ಕರು. "ಇರ್ಲಿ ಬಿಡಿ ಸಾರ್. ಒಂಬತ್ತು ವರ್ಷ ನಂದಾಯ್ತು, ಒಂದು ದಿನ ಅಣ್ಣಂದಾಗ್ಲಿ."

ಒಂದು ದಿನ! ದೊಡ್ಡ ಭಾವ ಆಗ ಅಜ್ಜನನ್ನು ಪೆಟ್ಟಿಗೆಗೆ ಇಳಿಸಲು ಬಗ್ಗಿದ್ದರು. ಎರಡೂ ಕೈ ಅದರ ಬೆನ್ನಿನ ಮೇಲಿತ್ತು. ಹಾಗೇ ನಿಂತುಬಿಟ್ಟರು. ನಿಧಾನವಾಗಿ ತಲೆಯೆತ್ತಿ ನನ್ನ ಕಡೆ ನೋಡಿದರು.

"ಬೆಚ್ಚಗಿದೆ," ಎಂದರು.

ಕೈ ತೆಗೆಯದೆಯೇ ಅವರಿಗೆ ಎಲ್ಲ ಹೊಳೆಯಿತು. ವಾರವೆಲ್ಲ ಪೆಟ್ಟಿಗೆಯಲ್ಲಿ ಮಲಗಿದ ಅಜ್ಜನ ಬೇರಿಂಗಿನಲ್ಲಿ ಗ್ರೀಸು ಗಟ್ಟಿಯಾಗಿರುತ್ತದೆ. ಎರಡು ನಿಮಿಷಕ್ಕೆ ಅದು ಕರಗುವುದಿಲ್ಲ. ಹಾಗಾಗಿ ಮೊದಲು ಅಳೆದವನಿಗೆ ನಲವತ್ತೊಂದು. ಆಮೇಲೆ ಮುಕ್ಕಾಲು ಗಂಟೆ ಬೆಲ್ಟಿನ ಭಾರ ಎಳೆದು ಮೈ ಬಿಸಿಯಾಗುತ್ತದೆ, ಗ್ರೀಸು ತೆಳುವಾಗುತ್ತದೆ, ಅದೇ ಅಜ್ಜ ಎರಡನೆಯವನ ಮೇಜಿನಲ್ಲಿ ಐವತ್ತಾರು ಕೊಡುತ್ತದೆ. ಒಂಬತ್ತು ವರ್ಷ, ಪ್ರತಿ ಸೋಮವಾರ, ಎಂಟು ಗಂಟೆಗೆ ಸರಿಯಾಗಿ ಬಂದು, ಬೆವರು ಸುರಿಸಿ, ಷಡ್ಡಕನಿಗಾಗಿ ಅಜ್ಜನನ್ನು ಬಿಸಿ ಮಾಡಿ ಕೊಟ್ಟವರು ದೊಡ್ಡ ಭಾವನೇ. ಸ್ನಾನದ ನೀರು ಕಾಯಿಸಿದವನು ಒಬ್ಬ, ಮಿಂದವನು ಇನ್ನೊಬ್ಬ.

ಈಗ ಅವರ ಮುಂದೆ ಎರಡು ದಾರಿಯಿತ್ತು. ಸುಮ್ಮನಿದ್ದರೆ ಕುರ್ಚಿ ಅವರದು, ಪುಸ್ತಕದ ಕೀರ್ತಿ ಬೆಣ್ಣೆಯದು. ಬಾಯಿಬಿಟ್ಟರೆ ಬೆಣ್ಣೆಯ ಪುಸ್ತಕ ಮುಳುಗುತ್ತದೆ, ಅದರ ಜೊತೆಗೆ ಇಂದಿನ ತಮ್ಮ ಐವತ್ತಾರೂ ಮುಳುಗುತ್ತದೆ. ನಾನು ಕಣ್ಣಿನಲ್ಲೇ "ಸುಮ್ನಿರಿ ಭಾವ" ಎಂದೆ. ಅವರು ಒಮ್ಮೆ ಕುರ್ಚಿಯ ಕಡೆ ನೋಡಿದರು. ಒಮ್ಮೆ ಚಿಕ್ಕ ಭಾವನ ತಲೆಗೂದಲ ಕಡೆ ನೋಡಿದರು.

"ಸಾರ್," ಎಂದರು. "ಆ ಪುಸ್ತಕ ಕಳಿಸ್ಬೇಡಿ. ಅದರಲ್ಲಿರೋದು ಕೈಯ ಗುಣ ಅಲ್ಲ. ಬಿಸಿ ಗ್ರೀಸಿನ ಗುಣ." ಮತ್ತೆ ಎಲ್ಲವನ್ನೂ ಬಿಡಿಸಿ ಹೇಳಿದರು.

ಸಾಹೇಬರು ಕೇಳಿಸಿಕೊಂಡು, "ಹಾಗಾದ್ರೆ ಇವತ್ತಿನ ನಿಮ್ಮ ಐವತ್ತಾರು?" ಎಂದರು.

ಭಾವ ಅಜ್ಜನ ಬೆನ್ನಿನಿಂದ ಕೈ ತೆಗೆದರು.

"ಅದೂ ಬಿಸಿ ಗ್ರೀಸಿಂದೇ ಸಾರ್."

ನೋಡಿದವರೆಲ್ಲ ಇದನ್ನು ಪ್ರಾಮಾಣಿಕತೆ ಎಂದುಕೊಂಡರು. ಕನ್ನಡಕದ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಭಾವನ ಸ್ವಭಾವ ಬಲ್ಲ ನನಗೊಬ್ಬನಿಗೆ ಗೊತ್ತಿತ್ತು, ಆ ಮನುಷ್ಯ ಕುರ್ಚಿ ಬಿಟ್ಟುಕೊಟ್ಟದ್ದು ಸತ್ಯಕ್ಕಾಗಿ ಅಲ್ಲ. ಷಡ್ಡಕನ ಪುಸ್ತಕ ಇನ್ನೊಂದು ಊರಿಗೆ ಹೋಗುವುದನ್ನು ತಾಳಲಾರದೆ. ಆದರೆ ಹೇಳಿದ್ದು ಸತ್ಯವೇ ಆಗಿದ್ದರಿಂದ ಕಾರಣವನ್ನು ಯಾರೂ ಅಳೆಯಲು ಹೋಗಲಿಲ್ಲ.

ಅಜ್ಜನನ್ನು ಸಂಜೆ ನಾಲ್ಕರ ತನಕ ಆರಲು ಬಿಟ್ಟರು. ತಣ್ಣಗಾದ ಮೇಲೆ ಇಬ್ಬರೂ ಅಳೆದರು: ನಲವತ್ತೊಂದು, ನಲವತ್ತೊಂದು. ನಲವತ್ತು ನಿಮಿಷ ಓಡಿಸಿ ಮತ್ತೆ ಅಳೆದರು: ಐವತ್ತಾರು, ಐವತ್ತಾರು. ಬಡಪಾಯಿ ಅಜ್ಜನಿಗೆ ಯಾವತ್ತೂ ವಯಸ್ಸಾಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಓಡಿಸಿದರೆ ಕೈಕಾಲು ಆಡುತ್ತಿರಲಿಲ್ಲ, ಅಷ್ಟೇ.

"ಇಪ್ಪತ್ತಾರು ವರ್ಷ ಮುಟ್ಟಿದೀರಿ. ಒಂದು ಸಲವೂ ಇದು ಹೊಳೀಲಿಲ್ವಾ?" ಎಂದು ಸಾಹೇಬರು ದೊಡ್ಡ ಭಾವನನ್ನು ಕೇಳಿದರು. ಭಾವ ಗೋಡೆಯ ಮೇಲಿನ ನಿಯಮದ ಕಡೆ ಕೈ ತೋರಿಸಿದರು. "ನಿನಗಪ್ಪಾ?" ಎಂದು ಚಿಕ್ಕ ಭಾವನನ್ನು ಕೇಳಿದರು.

"ಚೆನ್ನಾಗಿ ಬರ್ತಿರೋದು ಯಾಕೆ ಚೆನ್ನಾಗಿ ಬರ್ತಿದೆ ಅಂತ ನಾನು ಕೇಳೋಕೆ ಹೋಗಲ್ಲ ಸಾರ್," ಎಂದರು ಬೆಣ್ಣೆ. "ಕೇಳಿದ್ರೆ ನಿಂತುಬಿಡುತ್ತೆ."

ಕೈ ಇಬ್ಬರದೂ ಸಮವಾದ ಮೇಲೆ ಸಾಹೇಬರು ಕನ್ನಡಕದ ಯಜಮಾನರನ್ನು ಕೇಳಿದರು. ಅವರು, "ಎಲ್ಲಾದ್ರೂ ಮೋಟಾರು ತಿರುಗದಿದ್ರೆ ಹುಡುಗರು ಬೆಣ್ಣೆ ಹತ್ರ ಹೋಗ್ತಾರೆ. ಗಡಿಯಾರದ ಹತ್ರ ಹೋಗೋಕೆ ಹೆದರ್ತಾರೆ," ಎಂದರು. ಕುರ್ಚಿ ಚಿಕ್ಕ ಭಾವನಿಗೆ ಹೋಯಿತು. ಗೋಡೆಯ ಹಳೆಯ ನಿಯಮ ಕಿತ್ತು ಹೊಸದು ಬರೆಯುವ ಕೆಲಸ ದೊಡ್ಡ ಭಾವನಿಗೆ ಬಂತು.

ಅಷ್ಟಾದರೆ ಸಹಿಸಬಹುದಿತ್ತು. ದೊಡ್ಡಕ್ಕ, "ಹೊಲಿದಿದ್ದು ಯಾಕೆ ಹಾಳಾಗ್ಬೇಕು," ಎಂದು ಬೀರುವಿನಿಂದ ಹಸಿರು ದಿಂಬು ತೆಗೆದು ತಂಗಿಗೆ ಕೊಟ್ಟುಬಿಟ್ಟರು. ಕುರ್ಚಿಗೆ ಅದು ಅಳತೆ ತೆಗೆದು ಮಾಡಿಸಿದಂತೆ ಕೂತಿತಂತೆ. ಇದನ್ನು ಚಿಕ್ಕ ಭಾವ ಎಲ್ಲರ ಮುಂದೆ ಸಂತೋಷದಿಂದ ಹೇಳುತ್ತಿದ್ದರು. ದೊಡ್ಡ ಭಾವ ಆ ತಿಂಗಳು ಯಾರ ಮನೆಯ ಫ್ಯಾನನ್ನೂ ಮುಟ್ಟಲಿಲ್ಲ. ನಮ್ಮ ನೆಂಟರ ಪೈಕಿ ಒಬ್ಬಿಬ್ಬರು ಅವರ ಆರೋಗ್ಯ ವಿಚಾರಿಸಿದರು.

ಎರಡು ತಿಂಗಳಾದ ಮೇಲೆ ನಾನು ಚಿಕ್ಕಕ್ಕನ ಮನೆಗೆ ಹೋಗಿದ್ದೆ. ಚಿಕ್ಕ ಭಾವ ಯಾವಾಗಿನಂತೆ ನಗುತ್ತಾ ಬಾಗಿಲು ತೆರೆದರು. ಕುರ್ಚಿಯ ಸಮಾಚಾರ ಕೇಳಿದೆ.

"ಕುರ್ಚಿಗೇನು, ನಾಲ್ಕು ಕಾಲು, ಎರಡು ಕೈ," ಎಂದರು. ಟೀ ಲೋಟ ಕೆಳಗಿಟ್ಟರು. "ಅಣ್ಣನ ಹಾಳೆ ನೋಡಿದ್ಯೇನೋ?"

"ಯಾವ ಹಾಳೆ?"

"ಅದೇ, ಹೊಸ ನಿಯಮ. 'ನಲವತ್ತು ನಿಮಿಷ ಓಡಿಸಿ, ಬೆನ್ನು ಮುಟ್ಟಿ ನೋಡಿ, ಆಮೇಲೆ ಅಳೆಯಿರಿ' ಅಂತ ಬರೆದ್ರಲ್ಲ. ಸಾಹೇಬ್ರು ಅದಕ್ಕೆ ಗಾಜು ಹಾಕ್ಸಿದಾರೆ. ಕೆಳಗೆ ಅವರ ಹೆಸರು ಬೇರೆ. ಹೊಸ ಶಾಖೆಗೂ ಅದೇ ಹೋಯ್ತಂತೆ. ಅಲ್ಲಿಯ ಹುಡುಗರು ಅಣ್ಣನ್ನ ಕರೆಸಿ ಪಾಠ ಹೇಳಿಸ್ಕೋಬೇಕು ಅಂತ ಕಾಗದ ಬರೆದಿದಾರೆ." ಸ್ವಲ್ಪ ತಡೆದು, "ಒಂಬತ್ತು ವರ್ಷ ಐವತ್ತಾರು ಬರೆದೋನು ನಾನು," ಎಂದರು.

ಆಮೇಲೆ ಸುಮ್ಮನಾದರು. ಲೋಟದ ಅಂಚನ್ನು ಬೆರಳಿನಲ್ಲಿ ಸುತ್ತುತ್ತಾ ಕೂತರು. ಮತ್ತೆ ತಲೆಯೆತ್ತಿ, "ಅಕ್ಷರ ದುಂಡಗಿದೆ ಅಂತ ಅಷ್ಟೇ ಬಿಡು," ಎಂದರು. ಹಸಿಮೆಣಸಿನಕಾಯಿ ಕಚ್ಚಿಕೊಂಡವನ ಮುಖ ಹಾಗಿರುತ್ತದೆ. ಬೆಣ್ಣೆಯ ಮುಖದಲ್ಲಿ ಅದನ್ನು ನಾನು ಮೊದಲ ಸಲ ಕಂಡೆ.

ಅಲ್ಲಿಂದ ನೇರ ದೊಡ್ಡಕ್ಕನ ಮನೆಗೆ ಹೋದೆ. ಕಿವಿ ಊದುವುದು ಕೆಟ್ಟ ಅಭ್ಯಾಸ, ಒಪ್ಪುತ್ತೇನೆ. ಆದರೆ ಇಬ್ಬರು ಭಾವಂದಿರ ನಡುವಿನ ಭಾವಮೈದನಿಗೆ ಬೇರೆ ಉದ್ಯೋಗವಾದರೂ ಏನಿದೆ? ದೊಡ್ಡ ಭಾವ ಪೇಪರು ಓದುತ್ತಿದ್ದರು.

"ಭಾವ, ಚಿಕ್ಕ ಭಾವನಿಗೆ ಹೊಟ್ಟೆ ಉರೀತಿದೆ. ನಿಮ್ಮ ಹಾಳೆಗೆ ಗಾಜು ಹಾಕ್ಸಿದ್ದಕ್ಕೆ. ಹೇಳ್ತಾ ಹೇಳ್ತಾ ಮಾತೇ ನಿಂತೋಯ್ತು."

ಪೇಪರು ಕೆಳಗಿಳಿಯಿತು. ಭಾವನ ಮುಖ ಮೆಲ್ಲಗೆ ಬೆಳಗತೊಡಗಿತು.

"ನಿಜವಾಗ್ಲೂ? ನಿಂತೋಯ್ತಾ?" ಎಂದವರು ಎದ್ದು ನನ್ನ ಪಕ್ಕ ಬಂದು ಕೂತರು. "ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಮತ್ತೆ ಮಾತಾಡೋಕೆ ಎಷ್ಟು ಸೆಕೆಂಡು ತಗೊಂಡ?"